ಸುರಂಗರೈಲಿನ ವರ್ಣಚಿತ್ರಗಳು

1986ರಲ್ಲಿ ಪ್ರಕಟವಾದ ಬ್ರೂಸ್ ಡೇವಿಡ್‌ಸನ್ನರ ‘ಸಬ್‌ವೇ’ ಎಂಬ ಚಿತ್ರಗ್ರಂಥವು ನ್ಯೂಯಾರ್ಕ್ ನಗರದ ಸುರಂಗರೈಲಿನ ನಿತ್ಯಪ್ರಯಾಣಿಕರನ್ನು ಕುರಿತದ್ದು. ಅದೇ ರೈಲಿನಲ್ಲಿ 1938ರಿಂದ 1941ರ ವರೆಗೆ ವಾಕರ್ ಎವನ್ಸರು ಕ್ಯಾಮೆರಾವನ್ನು ಕೋಟಿನೊಳಗೆ ಮರೆಮಾಡಿಕೊಂಡು, ಎದುರು ಕುಳಿತವರ ಮುಖಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿದಿದ್ದರು. ಡೇವಿಡ್‌ಸನ್ನರ ಮಾರ್ಗವು ಬೇರೆ. 1980ರಲ್ಲಿ ಕಾರ್ಯಾರಂಭಮಾಡಿದ ಇವರು ತಮ್ಮ ಚಿತ್ರಗಳ ಪುಟ್ಟದೊಂದು ಆಲ್ಬಮನ್ನು ಜೊತೆಯಲ್ಲಿಟ್ಟುಕೊಂಡು, ಅದನ್ನು ತೋರಿಸಿ ಅಪರಿಚಿತರ ಒಪ್ಪಿಗೆಯನ್ನು ಬೇಡುತ್ತಿದ್ದರು. ಕೆಲವೊಮ್ಮೆ ಮೊದಲು ಚಿತ್ರ, ಅನಂತರ ವಿವರಣೆ. ಕದ್ದು ನೋಡಿದ ಮುಖಕ್ಕೂ ನೋಡಗೊಟ್ಟ ಮುಖಕ್ಕೂ ಇರುವ ಅಂತರವು ಇಲ್ಲಿ ಸುವ್ಯಕ್ತವಾಗಿದೆ. ಗೋಡೆಯ ಗೀಚುಬರಹಗಳ ನಡುವೆ ಒಬ್ಬೊಬ್ಬರ ಮೈಬಣ್ಣವೂ ಉಡುಪಿನ ಬಣ್ಣವೂ ಅವರವರ ಬಾಳಿನ ಗುರುತನ್ನು ಹೇಳುತ್ತವೆ.

ಆದರೆ ಫ್ಲ್ಯಾಷಿನ ತೀಕ್ಷ್ಣವಾದ ಬೆಳಕು ಕೆಲವೆಡೆ ಬೋಗಿಯನ್ನು ನಾಟಕರಂಗವನ್ನಾಗಿಸಿದೆ. ಭಯವು ಬೇಸರವನ್ನು ನುಂಗಿಬಿಟ್ಟಿದೆ. ನಿತ್ಯಪ್ರಯಾಣದಲ್ಲಿ ಹೆಚ್ಚಿನ ಪಾಲು ಬೇಸರವೇ ಅಲ್ಲವೆ? ಕೋಲಾರ ಸೀಮೆಯ ವಾಚಕರಿಗೆ ಈ ಕೊರತೆಯು ಬೇಗನೆ ಗೋಚರಿಸುವುದು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಬಳಿಕ ಮಾರಿಕುಪ್ಪಂನಿಂದ ಬೆಂಗಳೂರಿಗೆ ದುಡಿಮೆಗಾಗಿ ಹೋಗಿಬರುವವರ ರೈಲನ್ನು ಅವರು ಬಲ್ಲರು: ಕನಕಾಂಬರ ಮುಡಿದು ನಿದ್ದೆಹೋದ ತಲೆ, ಕಿಟಕಿಯ ಸರಳಿಗೆ ತೂಗುಹಾಕಿದ ಊಟದ ಚೀಲ. ಇಂಥವನ್ನು ಹಿಡಿಯಲು ಡೇವಿಡ್‌ಸನ್ನರ ಆಲ್ಬಮು ಬೇಕಾದೀತು, ಫ್ಲ್ಯಾಷು ಬೇಕಾಗಲಾರದು.