ಯೆಜ್ಡಿಗೆ ಫೇಶಿಯಲ್

ಹಳೆ ಬೈಕ್ ರೆಸ್ಟೋರ್ ಮಾಡಿಸಿದವರ ‘ಬಿಫೋರ್-ಆಫ್ಟರ್’ ಫೋಟೋಗಳಿಗೆ ನಾನೂ ಲೈಕ್ ಒತ್ತುವವನೇ. ಆದರೆ ಈಚೀಚೆಗೆ ನನಗೆ ‘ಬಿಫೋರ್’ ಫೋಟೋವೇ ಹೆಚ್ಚು ಹಿಡಿಸುತ್ತಿದೆ. ‘ಆಫ್ಟರ್’ ಎಲ್ಲ ಒಂದೇ ಥರ. ಅದೇ ಮರೂನ್, ಅದೇ ಕ್ರೋಮ್, ಟ್ಯಾಂಕಿನ ಮೇಲೆ ಅದೇ ಚಿನ್ನದ ಗೆರೆ. ಹತ್ತು ಗಾಡಿ ಸಾಲಾಗಿ ನಿಲ್ಲಿಸಿದರೆ ಯಾವುದು ಯಾರದ್ದು ಅಂತ ನಂಬರ್ ಪ್ಲೇಟ್ ನೋಡಿಯೇ ಹೇಳಬೇಕು.

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಜಾವಾ-ಯೆಜ್ಡಿ ಅಂದರೆ ಘಟ್ಟದ ಮೇಲಿನ ನೆಂಟ. 1961ರಿಂದ 1996ರವರೆಗೆ ಅವು ತಯಾರಾದದ್ದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಮಾಣಿ-ಮೈಸೂರು ರಸ್ತೆಯಲ್ಲಿ ಸಂಪಾಜೆ ಘಾಟಿ ಇಳಿದರೆ ಮೊದಲು ಸುಳ್ಯ, ಆಮೇಲೆ ಪುತ್ತೂರು. ಇಲ್ಲಿಗೆ ಬಂದ ಗಾಡಿ ಮೈಸೂರಿನಲ್ಲಿ ಹುಟ್ಟಿದ ಹಾಗೆಯೇ ಉಳಿಯಲಿಲ್ಲ, ಉಳಿಯುವ ಹಾಗೂ ಇರಲಿಲ್ಲ. ಕೆಂಪು ಕೆಸರು ಸಿಕ್ಕಿ ಚಕ್ರ ನಿಲ್ಲುತ್ತದೆ ಅಂತ ಮುಂದಿನ ಮಡ್‌ಗಾರ್ಡ್ ಎರಡು ಇಂಚು ಮೇಲೆ ಹೋಯಿತು. ಹಿಂದೆ ಕಬ್ಬಿಣದ ಆ್ಯಂಗಲ್‌ನಲ್ಲಿ ಕ್ಯಾರಿಯರ್ ಬಂತು: ಅಡಿಕೆ ಗೋಣಿಗೆ, ರಬ್ಬರ್ ಶೀಟಿಗೆ, ಗ್ಯಾಸ್ ಸಿಲಿಂಡರಿಗೆ. ಸೀಟಿಗೆ ಟರ್ಪಾಲಿನ ಅಂಗಿ. ಪೂರ್ತಿ ಮುಚ್ಚಿದ ಚೈನ್ ಕವರನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಯಾಕೆಂದರೆ ಅದು ನಮ್ಮ ಮಳೆಗೆ ಹೇಳಿ ಮಾಡಿಸಿದ್ದು. ಇದೆಲ್ಲ ಕಸ್ಟಮೈಸೇಶನ್ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ‘ಸ್ವಲ್ಪ ವೆಲ್ಡಿಂಗ್ ಉಂಟು’ ಅಂತಿದ್ದರು, ಅಷ್ಟೇ.

ಕಡಬದ ಕಡೆ ನನಗೆ ಗೊತ್ತಿರುವ ಒಂದು ಮನೆಯ ಯೆಜ್ಡಿ ಇಂಥದ್ದೇ. ಮೊಮ್ಮಗ ಬೆಂಗಳೂರಿನಲ್ಲಿ ಐಟಿ. ಕೊಟ್ಟಿಗೆಯಲ್ಲಿದ್ದ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ, ಒಂದು ವರ್ಷ ಬಿಟ್ಟು ಹೊಸ ಮದುಮಗನ ಹಾಗೆ ಮಾಡಿ ತಂದ. ಅಜ್ಜ ಒಂದು ಸುತ್ತು ಬಂದು ನೋಡಿದರು.

“ಚಂದ ಆಗಿದೆ ಮಾರಾಯ. ಇದರ ಕ್ಯಾರಿಯರ್ ಎಂತ ಮಾಡಿದ್ದು?”

“ಅದು ಒರಿಜಿನಲ್ ಅಲ್ಲ ಅಜ್ಜ. ಗುಜರಿಗೆ ಹಾಕಿದ್ದು.”

ಅಜ್ಜ ಮತ್ತೆ ಏನೂ ಕೇಳಲಿಲ್ಲ. ಆ ಕ್ಯಾರಿಯರಿನಲ್ಲಿ ಅವರು ಇಪ್ಪತ್ತು ವರ್ಷ ಅಡಿಕೆ ಪೇಟೆಗೆ ಸಾಗಿಸಿದ್ದಾರೆ. ಮೊಮ್ಮಗನ ಬೆವರು, ದುಡ್ಡು, ಪ್ರೀತಿ ಯಾವುದೂ ಸುಳ್ಳಲ್ಲ. ನನ್ನ ತಕರಾರು ಆ ‘ಒರಿಜಿನಲ್’ ಅನ್ನುವ ಶಬ್ದದ ಮೇಲೆ. ಕಾರ್ಖಾನೆಯ ಗೇಟು ದಾಟಿದ ಮೊದಲ ದಿನ ಮಾತ್ರ ಒರಿಜಿನಲ್, ಆಮೇಲಿನ ನಲವತ್ತು ವರ್ಷ ಬರೀ ತುಕ್ಕು ಅನ್ನುವುದು ಎಂಥ ಲೆಕ್ಕ?

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಚೀನಾದಲ್ಲಿ ಚಾಂಗ್ ಜಿಯಾಂಗ್ 750 ಅಂತ ಸೈಡ್‌ಕಾರ್ ಬೈಕ್ ಇದೆ. ಜರ್ಮನಿಯ ಬಿಎಂಡಬ್ಲ್ಯು 1938ರಲ್ಲಿ ತಂದ ಆರ್71ಅನ್ನು ನೋಡಿ ಸೋವಿಯತ್ತಿನವರು ಎಂ-72 ಮಾಡಿದರು. ಅದನ್ನು ನೋಡಿ ಚೀನಾದವರು 1957ರ ಹೊತ್ತಿಗೆ ಇದನ್ನು ಮಾಡಿದರು. ನಕಲಿನ ನಕಲು, ಸರಿ. ಆದರೆ ದಶಕಗಟ್ಟಲೆ ಚೀನಾದ ಸೈನ್ಯಕ್ಕೆ, ಪೊಲೀಸರಿಗೆ ದುಡಿದು ತನ್ನದೇ ಒಂದು ಜಾತಕ ಮಾಡಿಕೊಂಡ ಗಾಡಿ. ಈಗ ಅದನ್ನು ಕೊಂಡು ರೆಸ್ಟೋರ್ ಮಾಡುವ ಹವ್ಯಾಸಿಗಳಲ್ಲಿ ಎಷ್ಟೋ ಜನ ಬೂದು ಬಣ್ಣ ಹೊಡೆದು, ಬಿಎಂಡಬ್ಲ್ಯು ಬಿಲ್ಲೆ ಅಂಟಿಸಿ, ಎರಡನೇ ಮಹಾಯುದ್ಧದ ಜರ್ಮನ್ ವೇಷ ಹಾಕಿಸುತ್ತಾರೆ. ಚೀನಾದ ಗಾಡಿಗೆ ಚೀನಾದ ನೆನಪೇ ಬೇಡ! ಕಾಣದ ಯುದ್ಧದ ಪೋಸು ಬೇಕು, ಕಂಡ ಬದುಕು ಬೇಡ.

ಸೈಡ್‌ಕಾರ್ ಶೋಕಿ ನಮ್ಮಲ್ಲೂ ಇದೆ. ಬುಲೆಟ್ಟಿಗೆ ತೊಟ್ಟಿಲು ಕಟ್ಟಿ, ಮಿಲಿಟರಿ ಹಸಿರು ಬಳಿದು, ಮದುವೆ ಫೋಟೋಶೂಟಿಗೆ ನಿಲ್ಲಿಸುವುದು. ನಿಲ್ಲಿಸಿದಷ್ಟು ಹೊತ್ತು ಅಡ್ಡಿಯಿಲ್ಲ. ಓಡಿಸಿದರೆ ಗೊತ್ತಾಗುತ್ತದೆ. ಸೈಡ್‌ಕಾರ್ ಕಟ್ಟಿದ ಬೈಕ್ ವಾಲುವುದಿಲ್ಲ. ಹ್ಯಾಂಡಲ್ ಹಿಡಿದು ಎಳೆದೇ ತಿರುಗಿಸಬೇಕು. ಆ್ಯಕ್ಸಿಲರೇಟರ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಖಾಲಿ ಸೈಡ್‌ಕಾರ್ ಇಟ್ಟುಕೊಂಡು ಸಂಪಾಜೆಯ ಎಡ ತಿರುವಿಗೆ ಜೋರಾಗಿ ನುಗ್ಗಿದಿರೋ, ಆ ಮೂರನೇ ಚಕ್ರ ಗಾಳಿಯಲ್ಲಿ. ಆದ್ದರಿಂದ ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಅದನ್ನು ಎಷ್ಟು ಕಡೆ, ಯಾವ ಕೋನದಲ್ಲಿ, ಎಷ್ಟು ಗಟ್ಟಿಯಾಗಿ ಕಟ್ಟಿದ್ದಾರೆ ಅಂತ. ಆ ವಿಷಯ ಮಾತಾಡುವ ಒಂದು ವಿಡಿಯೋಕ್ಕೆ ಡಮ್ಮಿ ಗನ್ ಇಟ್ಟ ಹತ್ತು ವಿಡಿಯೋ ಸಿಗುತ್ತವೆ.

ಕಾನೂನು ಕೂಡ ಮೊಮ್ಮಗನ ಪಕ್ಷ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. (ತಮಾಷೆಯೆಂದರೆ, ಬಿಚ್ಚಿಡಬಹುದಾದ ಸೈಡ್‌ಕಾರ್ ಇದ್ದರೂ ಬೈಕು ಕಾಯ್ದೆಯ ಕಣ್ಣಿಗೆ ‘ಎರಡು ಚಕ್ರದ’ ವಾಹನವೇ!) 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 20,000 ರೂಪಾಯಿ ಕಟ್ಟಿದರೆ ‘ವಿಎ’ ಅಂತ ಗೌರವದ ನಂಬರ್ ಸಿಗುತ್ತದೆ. ಆದರೆ ಅದನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. 1978ರಲ್ಲಿ ಬಂದ ರೋಡ್‌ಕಿಂಗ್‌ಗೆ ಈ ಮರ್ಯಾದೆ ಸಿಗುವುದು 2028ರಿಂದ. ಸುರಕ್ಷತೆಗಾಗಿ ನಿಯಮ ಬೇಕು, ಒಪ್ಪಿದೆ. ಕಂಡಕಂಡ ಕಡೆ ವೆಲ್ಡ್ ಮಾಡಿದ ಚಾಸಿಸ್ ಮೇಲೆ ನನ್ನ ಮಕ್ಕಳನ್ನು ನಾನೂ ಕೂರಿಸಲಾರೆ. ಆದರೂ ದುಡಿದ ಗುರುತು ಅಳಿಸಿದರೆ ಪ್ರಶಸ್ತಿ, ಉಳಿಸಿಕೊಂಡರೆ ದಂಡ ಅನ್ನುವಾಗ ಎಲ್ಲೋ ಏನೋ ತಪ್ಪಿದೆ ಅನಿಸುತ್ತದೆ.

ಹಾಗಂತ ನಾನು ತುಕ್ಕಿನ ಭಕ್ತನಲ್ಲ. 6 ವೋಲ್ಟಿನ ದೀಪ ಹಿಡಿದು ಜುಲೈ ತಿಂಗಳ ರಾತ್ರಿ ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವುದು ಭಂಡ ಧೈರ್ಯ. 12 ವೋಲ್ಟ್ ಮಾಡಿಸಿ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿಸಿ. ಬ್ರೇಕ್ ಲೈನಿಂಗ್, ಟಯರ್, ವೈರಿಂಗ್ ಎಲ್ಲ ಹೊಸದಾಗಲಿ. ಕ್ಲಬ್ಬಿನ ಪಂಡಿತರು ಮೂಗು ಮುರಿದರೆ ಮುರಿಯಲಿ. ನಮ್ಮೂರಿನಲ್ಲಿ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಓಡಿದ ಎಂ80ಗಳನ್ನು ಯಾರೂ ರೆಸ್ಟೋರ್ ಮಾಡುವುದಿಲ್ಲ, ಮಾಡಿದರೂ ಮೊದಲು ಪೆಟ್ಟಿಗೆಯ ಸ್ಟ್ಯಾಂಡ್ ಕಿತ್ತು ಬಿಸಾಡುತ್ತಾರೆ. ಪೆಟ್ಟಿಗೆ ಇಲ್ಲದ ಎಂ80 ನೋಡಿ ಯಾರಿಗೆ ಏನು ನೆನಪಾಗಬೇಕು?

ಊರಲ್ಲಿ ಅಜ್ಜನದ್ದೋ ಮಾವನದ್ದೋ ಗಾಡಿ ಇದ್ದರೆ, ಬೆಂಗಳೂರಿಗೆ ಸಾಗಿಸುವ ಮೊದಲು ಒಂದು ಮಧ್ಯಾಹ್ನ ಅವರ ಜೊತೆ ಕೂತು ಯಾವ ಬೋಲ್ಟ್ ಯಾಕೆ ಬಂತು ಅಂತ ಕೇಳಿಕೊಳ್ಳಿ. ತೊಳೆಯುವ ಮೊದಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಕ್ಯಾರಿಯರ್ ಬಿಚ್ಚಲೇಬೇಕಾದರೆ ಬಿಚ್ಚಿ, ಕ್ಲ್ಯಾಂಪು ಸಮೇತ ಅಟ್ಟದ ಮೇಲೆ ಇಡಿ. ಗುಜರಿಯವನು ಅದಕ್ಕೆ ಕೊಡುವುದು ಕಿಲೋ ಲೆಕ್ಕದ ರೇಟು.