ಕಡಿಮೆ ಖರ್ಚಿನ ಸಿನಿಮಾ: ಯಾರ ಖರ್ಚಿನಲ್ಲಿ?

ನಾನು ಪಾಠ ಮಾಡುವ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದ ಮೂವರು ಹುಡುಗರು ಬಂದು, ‘ಮೇಡಂ, ನಾವೊಂದು ಸಿನಿಮಾ ಮಾಡ್ಬೇಕು, ಎಷ್ಟು ದುಡ್ಡು ಬೇಕಾಗುತ್ತೆ?’ ಅಂತ ಕೇಳಿದರು. ಈ ಪ್ರಶ್ನೆಗೆ ಈಗ ಎಲ್ಲರ ಬಾಯಲ್ಲೂ ಒಂದು ಉತ್ತರ ಸಿದ್ಧವಾಗಿದೆ: ದುಡ್ಡೇ ಬೇಡ, ಜೇಬಿನಲ್ಲಿರೋ ಮೊಬೈಲು ಸಾಕು, ನಾಲ್ಕು ಜನ ಗೆಳೆಯರಿದ್ದರೆ ಆಯಿತು, ಶುರು ಮಾಡಿ. ನಾನೂ ಅದನ್ನೇ ಹೇಳಿದೆ. ಆ ಉತ್ತರ ಎಷ್ಟು ಸುಳ್ಳು ಎಂಬುದು ಆರು ತಿಂಗಳಾದ ಮೇಲೆ, ನಮ್ಮ ಕೇರಿಯಲ್ಲೇ, ನನ್ನ ಚಿಕ್ಕವ್ವನ ಎದುರು ನಿಂತಾಗ ಗೊತ್ತಾಯಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಸಿನಿಮಾದ ಬಗ್ಗೆ ದಲಿತ ವಿಮರ್ಶೆ ಇದುವರೆಗೆ ಮುಖ್ಯವಾಗಿ ಒಂದೇ ಪ್ರಶ್ನೆ ಕೇಳಿದೆ: ತೆರೆಯ ಮೇಲೆ ನಮ್ಮನ್ನು ಹೇಗೆ ತೋರಿಸಿದ್ದಾರೆ? ಇದು ಬೇಕಾದ ಪ್ರಶ್ನೆಯೇ. ಆದರೆ ಇದೊಂದನ್ನೇ ಕೇಳುತ್ತಾ ಕೂತರೆ ನಾವು ಖಾಯಂ ಪ್ರೇಕ್ಷಕರಾಗಿಯೇ ಉಳಿಯುತ್ತೇವೆ. ಸಿನಿಮಾ ಯಾರ ದುಡ್ಡಲ್ಲಿ, ಯಾರ ಸಮಯದಲ್ಲಿ, ಯಾರ ರೆಟ್ಟೆಬಲದಲ್ಲಿ ತಯಾರಾಯಿತು ಎಂಬ ಲೆಕ್ಕದ ಪ್ರಶ್ನೆಯನ್ನೂ ವಿಮರ್ಶೆ ಕೇಳಬೇಕು. ಅದರಲ್ಲೂ ‘ಕಡಿಮೆ ಬಜೆಟ್’ ಎಂಬ ಮಾತನ್ನು ಒಡೆದು ನೋಡಬೇಕು. ಯಾಕೆಂದರೆ ಕೆಲವರಿಗೆ ಕಡಿಮೆ ಬಜೆಟ್ಟು ಒಂದು ಆಯ್ಕೆ. ನಮಗೆ ಅದು ಹುಟ್ಟಿನಿಂದ ಬಂದದ್ದು.

ಕನ್ನಡದ ಹೊಸ ಅಲೆಯ ಚಿತ್ರಗಳು ಶುರುವಾದದ್ದೇ ಕಡಿಮೆ ಖರ್ಚಿನಲ್ಲಿ. 1970ರ ‘ಸಂಸ್ಕಾರ’ ಸುಮಾರು ಒಂದು ಲಕ್ಷ ರೂಪಾಯಿಯಲ್ಲಿ ತಯಾರಾಯಿತು. ಸ್ಟುಡಿಯೋ ಬಿಟ್ಟು ಮಲೆನಾಡಿನ ಹಳ್ಳಿಗೆ ಹೋಗಿ, ಗಿರೀಶ ಕಾರ್ನಾಡ, ಪಿ. ಲಂಕೇಶ್ ಅವರಂಥ ಲೇಖಕರನ್ನೇ ನಟರನ್ನಾಗಿ ಮಾಡಿಕೊಂಡು ತೆಗೆದ ಸಿನಿಮಾ ಅದು. ಅದರ ಧೈರ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಬ್ರಾಹ್ಮಣ ಅಗ್ರಹಾರದ ಒಳಗಿನ ಕೊಳೆಯನ್ನು ತೋರಿಸಿ, ಸೆನ್ಸಾರಿನ ನಿಷೇಧ ಎದುರಿಸಿ, ಅದು ದೇಶದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. ಆದರೆ ಆ ಒಂದು ಲಕ್ಷದ ಲೆಕ್ಕದಲ್ಲಿ ಬರೆಯದೇ ಇರುವ ಬಂಡವಾಳವನ್ನು ನೋಡಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ಅದಕ್ಕೂ ಮೊದಲೇ ತೆಲುಗಿನಲ್ಲಿ ಚಿತ್ರ ನಿರ್ಮಿಸಿದ್ದವರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದಿಂದ ಬಂದವರು. ನಟರಿಗೆ ಮದ್ರಾಸಿನ ಇಂಗ್ಲಿಷ್ ರಂಗಭೂಮಿಯ ನಂಟಿತ್ತು. ಸ್ನೇಹ, ಇಂಗ್ಲಿಷು, ಕೂಲಿಗೆ ಹೋಗದೆ ವಾರಗಟ್ಟಲೆ ಹಳ್ಳಿಯಲ್ಲಿ ಉಳಿಯುವ ಬಿಡುವು: ಇವು ಯಾವ ರಸೀದಿಯಲ್ಲೂ ಬರುವುದಿಲ್ಲ. ಕಡಿಮೆ ಬಜೆಟ್ಟನ್ನು ಸಾಧ್ಯ ಮಾಡುವುದು ಈ ಕಾಣದ ಬಜೆಟ್ಟು.

ಐದು ವರ್ಷದ ಮೇಲೆ, 1975ರಲ್ಲಿ, ‘ಚೋಮನ ದುಡಿ’ ಬಂತು. ಸ್ವಂತ ಬೇಸಾಯದ ಆಸೆ ಹೊತ್ತು ಸೋತ ಚೋಮ ತೆರೆಯ ನಡುವೆ ಬಂದು ಕೂತ. ವಾಸುದೇವರಾಯರ ಅಭಿನಯ ಇವತ್ತಿಗೂ ಮೈ ನಡುಗಿಸುತ್ತದೆ. ಆದರೆ ಕಾದಂಬರಿಕಾರರಾಗಲಿ ನಿರ್ದೇಶಕರಾಗಲಿ ಚೋಮನ ಕೇರಿಯಿಂದ ಬಂದವರಲ್ಲ. ಭೂಮಿಗಾಗಿ ಹಂಬಲಿಸುವ ಚೋಮ ಕ್ಯಾಮೆರಾಕ್ಕಾಗಿ ಹಂಬಲಿಸಿದ್ದರೆ ಆ ಕಾಲದಲ್ಲಿ ಅದೂ ಅವನಿಗೆ ಸಿಗುತ್ತಿರಲಿಲ್ಲ.

ಇನ್ನೊಂದು ಉದಾಹರಣೆ. ಮೊದಲ ಸಿನಿಮಾ ಮಾಡುವವರಿಗೆಲ್ಲ ಹೇಳುವ ಪುರಾಣ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955). ಹೆಂಡತಿಯ ಒಡವೆ ಅಡವಿಟ್ಟದ್ದು, ಸಿನಿಮಾ ಕ್ಯಾಮೆರಾವನ್ನೇ ಮುಟ್ಟದ ಇಪ್ಪತ್ತೊಂದರ ಹುಡುಗ ಸುಬ್ರತ ಮಿತ್ರ ಛಾಯಾಗ್ರಾಹಕನಾದದ್ದು, ದುಡ್ಡಿಲ್ಲದೆ ಕೆಲಸ ನಿಂತಾಗ ಪಶ್ಚಿಮ ಬಂಗಾಳದ ಸರ್ಕಾರವೇ ಹಣ ಕೊಟ್ಟದ್ದು, ಎಲ್ಲವೂ ನಿಜ. ಮೊದಲ ದಿನ ಹೂಬಿಟ್ಟ ಬಯಲಲ್ಲಿ ಚಿತ್ರೀಕರಣ ಮಾಡಿ ಮುಂದಿನ ವಾರ ಹೋದರೆ ಹೂವನ್ನೆಲ್ಲ ದನ ತಿಂದು ಹಾಕಿದ್ದವಂತೆ. ಅವರು ಮುಂದಿನ ಹೂವಿನ ಕಾಲದವರೆಗೆ ಕಾದರು. ಈ ಕತೆ ಹೇಳುವವರು ಹಟ, ಪ್ರತಿಭೆ ಅಂತ ಹೊಗಳುತ್ತಾರೆ. ನನಗೆ ಕಾಣುವುದು ಇನ್ನೊಂದು: ಕಾಯುವ ಶಕ್ತಿಯೂ ಬಂಡವಾಳವೇ. ಜೊತೆಗೆ, ಏನೂ ಗೊತ್ತಿಲ್ಲದವರ ಕೈಗೆ ಸಾರ್ವಜನಿಕ ಹಣ ಕೊಟ್ಟು ಕಲಿಯಲು ಬಿಟ್ಟದ್ದರಿಂದ ಆ ಸಿನಿಮಾ ಪೂರ್ತಿಯಾಯಿತು.

ಈಗ ಇದರ ಪಕ್ಕದಲ್ಲಿ 2025ರ ಆಗಸ್ಟ್‌ನಲ್ಲಿ ತಿರುವನಂತಪುರದಲ್ಲಿ ನಡೆದದ್ದನ್ನು ಇಟ್ಟು ನೋಡಿ. ಕೇರಳ ಸರ್ಕಾರ ತನ್ನ ಚಲನಚಿತ್ರ ಅಭಿವೃದ್ಧಿ ನಿಗಮದ ಮೂಲಕ ಪರಿಶಿಷ್ಟ ಜಾತಿ, ಪಂಗಡಗಳ ನಿರ್ದೇಶಕರಿಗೆ ಮತ್ತು ಮಹಿಳಾ ನಿರ್ದೇಶಕರಿಗೆ ಒಂದೂವರೆ ಕೋಟಿ ರೂಪಾಯಿವರೆಗೆ ನೆರವು ಕೊಡುವ ಯೋಜನೆ ತಂದಿತ್ತು. ಚಲನಚಿತ್ರ ನೀತಿಯ ಸಮಾವೇಶದಲ್ಲಿ ಅಡೂರ್ ಗೋಪಾಲಕೃಷ್ಣನ್ ಅವರು ಈ ಹಣ ಹೆಚ್ಚಾಯಿತು, ಭ್ರಷ್ಟಾಚಾರಕ್ಕೆ ದಾರಿಯಾಗುತ್ತದೆ, ಅದನ್ನು ಐವತ್ತೈವತ್ತು ಲಕ್ಷದಂತೆ ಮೂವರಿಗೆ ಹಂಚಬೇಕು, ಮೊದಲು ಇವರಿಗೆ ಮೂರು ತಿಂಗಳ ತರಬೇತಿ ಕೊಡಿಸಬೇಕು ಎಂಬರ್ಥದ ಮಾತಾಡಿದರು. ಗಾಯಕಿ ಪುಷ್ಪವತಿ ಸಭೆಯಲ್ಲೇ ಎದ್ದು ಪ್ರತಿಭಟಿಸಿದರು.

ಅಡೂರರು ದೊಡ್ಡ ನಿರ್ದೇಶಕರು, ಅದರಲ್ಲಿ ಎರಡು ಮಾತಿಲ್ಲ. ಪುಣೆಯ ಸಂಸ್ಥೆಯಲ್ಲಿ ಕಲಿತ ಅವರಿಗೆ ತರಬೇತಿಯ ಬೆಲೆ ಗೊತ್ತು. ತರಬೇತಿ ಬೇಡ ಅಂತ ನಾನೂ ಹೇಳುವುದಿಲ್ಲ, ನಮ್ಮ ಹುಡುಗರಿಗೆ ಮೂರು ತಿಂಗಳಲ್ಲ ಮೂರು ವರ್ಷ ಬೇಕು. ಆದರೆ ಅವರ ಮೊದಲ ಚಿತ್ರ ‘ಸ್ವಯಂವರಂ’ (1972) ತಯಾರಾದದ್ದೂ ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಒಂದೂವರೆ ಲಕ್ಷದ ಸಾಲದಿಂದ. ಒಂದು ಪೀಳಿಗೆಯ ಕೈಗೆ ಸಾರ್ವಜನಿಕ ಹಣ ಬಂದಾಗ ಅದು ಕಲೆಗೆ ಪ್ರೋತ್ಸಾಹ. ಕೇರಿಯ ಕೈಗೆ, ಹೆಂಗಸರ ಕೈಗೆ ಬಂದ ಕೂಡಲೇ ಅದು ಅನುಮಾನ. ಇದನ್ನು ನಾವು ಮೀಸಲಾತಿಯ ವಿಷಯದಲ್ಲಿ ಮೊದಲಿನಿಂದಲೂ ಕೇಳುತ್ತ ಬಂದಿದ್ದೇವೆ, ಹೊಸದೇನಲ್ಲ. ಮೊದಲ ಸಿನಿಮಾ ಕೆಟ್ಟದಾಗುವ ಹಕ್ಕು ಎಲ್ಲರಿಗೂ ಇರಬೇಕು. ಮೇಲ್ಜಾತಿಯ ಹುಡುಗನ ಸೋತ ಚಿತ್ರ ಅವನೊಬ್ಬನ ಸೋಲಾಗುತ್ತದೆ. ನಮ್ಮವನ ಸೋತ ಚಿತ್ರ ‘ಇವರಿಗೆ ಕೊಟ್ಟರೆ ಹೀಗೇ’ ಅಂತ ಇಡೀ ಜಾತಿಯ ಮೇಲೆ ಬರೆದ ತೀರ್ಪಾಗುತ್ತದೆ.

ಇಲ್ಲಿಯವರೆಗೆ ಬೇರೆಯವರ ಲೆಕ್ಕ ಕೇಳಿದೆ. ಈಗ ನಮ್ಮ ಲೆಕ್ಕ.

ಹುಡುಗರು ಬರೆದ ಕತೆ ಹತ್ತು ನಿಮಿಷದ್ದು: ಇನ್ನು ಮೇಲೆ ಊರಿನವರ ಸಾವಿಗೆ ತಮಟೆ ಬಾರಿಸುವುದಿಲ್ಲ ಎಂದ ಮುದುಕ, ಹಾಗಂದರೆ ಒಲೆ ಹೇಗೆ ಉರಿಯುತ್ತೆ ಎನ್ನುವ ಅವನ ಹೆಂಡತಿ. ಹೆಂಡತಿಯ ಪಾತ್ರಕ್ಕೆ ನನ್ನ ಚಿಕ್ಕವ್ವ. ರಾಗಿ ಹೊಲದ ಕಳೆ ಕೀಳುವ ಕೂಲಿ ಬಿಟ್ಟು ಬಂದಿದ್ದಳು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಏರಿ ಹತ್ತುವುದನ್ನು ಏಳು ಸಲ ಮಾಡಿಸಿದೆವು. ಒಂದು ಸಲ ಬಸ್ಸು ಅಡ್ಡ ಬಂತು, ಒಂದು ಸಲ ಮೋಡ, ಇನ್ನೊಂದು ಸಲ ನಮ್ಮ ಹುಡುಗ ಬಟನ್ನು ಒತ್ತುವುದನ್ನೇ ಮರೆತಿದ್ದ. ಸಂಜೆ ಚಿತ್ರಾನ್ನ, ಟೀ ಕೊಟ್ಟು ‘ಬಾಳ ಚೆನ್ನಾಗಿ ಮಾಡ್ದೆ ಚಿಕ್ಕವ್ವ’ ಅಂದೆ. ಅವಳು ನಗುತ್ತಲೇ ಅಂದಳು: ‘ಗೌಡ್ರ ಹೊಲ್ದಲ್ಲಾದ್ರೆ ಹೊತ್ ಮುಳುಗೋ ವೊತ್ಗೆ ಕೂಲಿ ಕೈಗ್ ಬರೋದು ಕಣವ್ವ. ಇದು ನಮ್ಮಪ್ಪನ ಕಾಲದ ಬಿಟ್ಟಿ ಇದ್ದಂಗದೆ.’

ಅವಳ ಅಪ್ಪ ಬಿಟ್ಟಿ ಚಾಕರಿ ಮಾಡಿದವನು. ಜೀತ ಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ದಲಿತ ಸಿನಿಮಾ ಮಾಡುತ್ತೇನೆಂದು ಹೊರಟ ಎಂ.ಎ. ಪದವಿಯ ನಾನು, ‘ಪ್ರೀತಿಗೆ’, ‘ಸ್ನೇಹಕ್ಕೆ’, ‘ಚಳವಳಿಗೆ’ ಎಂಬ ಹೆಸರಲ್ಲಿ ಅದನ್ನೇ ನಮ್ಮ ಕೇರಿಗೆ ವಾಪಸು ತಂದಿದ್ದೆ. ಜೇಬಿನಲ್ಲಿ ಮೊಬೈಲಿದ್ದರೆ ಸಾಕು ಎಂಬ ಮಾತಿನ ಒಳಗೆ ಇರುವ ಮೋಸ ಇದು. ಯಂತ್ರ ಪುಕ್ಕಟೆಯಾಗಬಹುದು, ಮನುಷ್ಯರ ದಿನ ಪುಕ್ಕಟೆಯಲ್ಲ.

ಚಿತ್ರೀಕರಣ ನಿಲ್ಲಿಸಿದೆವು. ಒಂದು ತಿಂಗಳು ಚಂದಾ ಎತ್ತಿದೆವು. ಆಮೇಲೆ ಮೂರು ದಿನದಲ್ಲಿ ಮುಗಿಸಿದೆವು. ಲೆಕ್ಕ ಇದು: ಕೇರಿಯ ಐದು ಜನ ನಟರಿಗೆ ದಿನಕ್ಕೆ 400ರಂತೆ ಮೂರು ದಿನದ ಕೂಲಿ 6,000. ಎಲ್ಲರ ಊಟ 2,700. ಬಾಡಿಗೆ ಮೈಕು 1,500. ಪೆಟ್ರೋಲು, ಬಸ್ಸು 800. ಒಟ್ಟು 11,000 ರೂಪಾಯಿ. ಚಿಕ್ಕವ್ವನ ಮೊದಲ ದಿನದ ಕೂಲಿ ಬೇರೆ, ಅದು ನನ್ನ ಸಂಬಳದಿಂದ ಹೋಯಿತು. ಅರ್ಧಕ್ಕಿಂತ ಹೆಚ್ಚು ಕೂಲಿಯೇ. ಕೂಲಿ ಕೊಡಬೇಕಾದ್ದರಿಂದಲೇ ಏಳು ಸಲ ಮಾಡಿಸುವುದು ನಿಂತಿತು, ಮೊದಲೇ ಹೋಗಿ ಬೆಳಕು ನೋಡಿ, ನಿಲ್ಲುವ ಜಾಗಕ್ಕೆ ಕಲ್ಲಿಟ್ಟು ಬರುವುದನ್ನು ಹುಡುಗರು ಕಲಿತರು. ತಯಾರಿ ಎಂದರೆ ಇನ್ನೊಬ್ಬರ ದುಡಿಮೆಗೆ ತೋರಿಸುವ ಮರ್ಯಾದೆ.

ಯಂತ್ರದ ವಿಷಯಕ್ಕೂ ಒಂದು ಮಾತು. ಕ್ಯಾಮೆರಾ ಜಾತಿ ನೋಡೋದಿಲ್ಲ ಅಂತಾರೆ. ಸುಣ್ಣ ಬಳಿದ ಗೋಡೆಯ ಮುಂದೆ ಚಿಕ್ಕವ್ವನನ್ನು ನಿಲ್ಲಿಸಿದರೆ ಮೊಬೈಲು ಗೋಡೆಯ ಬೆಳಕಿಗೆ ಲೆಕ್ಕ ಹಾಕಿ ಅವಳ ಮುಖವನ್ನು ಮಸಿ ಮಾಡಿತು. ‘ನಾನೆಲ್ಲಿದ್ದೀನಿ?’ ಅಂತ ಕೇಳಿದಳು. ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಬಣ್ಣ ಸರಿಹೊಂದಿಸಲು ಬಿಳಿಯ ಹೆಂಗಸಿನ ಚಿತ್ರದ ಕಾರ್ಡನ್ನೇ ಅಳತೆಯಾಗಿ ಇಟ್ಟುಕೊಂಡಿತ್ತು. ಯಾವ ಮುಖ ಅಳತೆ, ಯಾವ ಮುಖ ಅಪವಾದ ಎಂಬುದನ್ನು ಯಂತ್ರ ಕಟ್ಟುವವರೇ ತೀರ್ಮಾನಿಸಿರುತ್ತಾರೆ. ಉಪಾಯ ಸುಲಭ: ತೆರೆಯ ಮೇಲೆ ಅವಳ ಮುಖದ ಜಾಗವನ್ನು ಒತ್ತಿ ಹಿಡಿದು ಬೆಳಕನ್ನು ಅಲ್ಲಿಗೇ ಬೀಗ ಹಾಕಬೇಕು. ಗೋಡೆ ಬೇಕಾದರೆ ಉರಿದುಹೋಗಲಿ.

ಶಬ್ದದ್ದು ಇನ್ನೂ ಕಷ್ಟ. ಮೊಬೈಲಿನ ಮೈಕು ತಾನಾಗಿ ಮಾತಿನ ಮಟ್ಟಕ್ಕೆ ಹೊಂದಿಕೊಳ್ಳುತ್ತದೆ. ತಮಟೆಯ ಮೊದಲ ಏಟಿಗೇ ಧ್ವನಿ ಒಡೆದು ಗೊರಗೊರ ಅಂತು. ಬೇರೆ ಮೈಕು ಬೇಕು, ಅದರ ಮಟ್ಟವನ್ನು ಕೈಯಾರೆ ಇಳಿಸಬೇಕು, ಗಟ್ಟಿ ಏಟು ಹೊಡೆಸಿ ಮೊದಲೇ ಪರೀಕ್ಷಿಸಬೇಕು, ದೂರದಿಂದ ಹಿಡಿಯಬೇಕು. ಇದು ನಮಗೆ ತಡವಾಗಿ ತಿಳಿಯಿತು. ಒಂದು ಚಿತ್ರೋತ್ಸವಕ್ಕೆ ಕಳಿಸಿದಾಗ ಧ್ವನಿ ಸರಿಯಿಲ್ಲ ಎಂದು ವಾಪಸು ಬಂತು. ಅವರು ಹೇಳಿದ್ದು ನಿಜ. ಜಾತಿಯ ಕಾರಣಕ್ಕೇ ತಿರಸ್ಕರಿಸಿದರು ಅಂತ ಭಾಷಣ ಮಾಡುವುದಕ್ಕಿಂತ ಮೈಕು ಹಿಡಿಯುವುದನ್ನು ಕಲಿಯುವುದು ಒಳ್ಳೆಯದು.

ನಾಗರಾಜ ಮಂಜುಳೆಯವರನ್ನು ನಾವು ನೋಡಬೇಕಾದದ್ದು ಈ ಕಾರಣಕ್ಕೆ. ಸೊಲ್ಲಾಪುರ ಜಿಲ್ಲೆಯ ಹಳ್ಳಿಯ ವಡಾರ ಸಮುದಾಯದ ಈ ಕವಿ ಅಹಮದನಗರದ ಕಾಲೇಜಿನಲ್ಲಿ ಸಂವಹನ ಓದುವಾಗ ಮಾಡಿದ ಕಿರುಚಿತ್ರ ‘ಪಿಸ್ತುಲ್ಯಾ’, ರಾಷ್ಟ್ರಪ್ರಶಸ್ತಿ ಪಡೆಯಿತು. ಅದರ ಮೇಲೆ 2013ರ ‘ಫ್ಯಾಂಡ್ರಿ’. ಹಲಗೆ ಬಾರಿಸುತ್ತಿದ್ದ ಹುಡುಗ ಸೋಮನಾಥ ಅವಘಡೆಯೇ ಅದರ ನಾಯಕ ಜಬ್ಯಾ. ಹಂದಿ ಹಿಡಿಯಲು ಓಡುತ್ತಿರುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ, ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ, ಹಂದಿ ಮಾತ್ರ ನಿಲ್ಲುವುದಿಲ್ಲ. ಈ ದೃಶ್ಯಕ್ಕೆ ಕ್ರೇನು ಬೇಕಿಲ್ಲ, ಸೆಟ್ಟು ಬೇಕಿಲ್ಲ. ಹಂದಿ ಹಿಡಿಯುವಾಗ ಆಗುವ ಅವಮಾನ ಏನು ಅಂತ ಒಳಗಿನಿಂದ ಗೊತ್ತಿರಬೇಕು. ಕೇರಿಯ ಬಳಿ ಇರುವ ಬಂಡವಾಳ ಇದು. ಆದರೆ ಅದನ್ನೂ ಹಾಡಿ ಹೊಗಳಿ ಕೂರುವಂತಿಲ್ಲ. ಅನುಭವ ಇದೆ ಎಂದ ಮಾತ್ರಕ್ಕೆ ಸಿನಿಮಾ ಆಗುವುದಿಲ್ಲ. ಮಂಜುಳೆ ಮೊದಲು ಚಿಕ್ಕದು ಮಾಡಿ ಕಲಿತರು, ಆಮೇಲೆ ದೊಡ್ಡದಕ್ಕೆ ಕೈ ಹಾಕಿದರು.

ದುಡ್ಡಿನ ದಾರಿಗೂ ಮಾದರಿಗಳಿವೆ. ಕೇರಳದ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಗೆಳೆಯರು ಊರೂರಿಗೆ ಹೋಗಿ ಚಾಪ್ಲಿನ್ನನ ಸಿನಿಮಾ ತೋರಿಸಿ, ಜನರಿಂದ ಚಿಲ್ಲರೆ ಕಾಸು ಕೂಡಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿದರು. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ 1976ರ ‘ಮಂಥನ್’ ಆಯಿತು. ಅಲ್ಲಿ ಹಣ ರೈತರದು, ಕ್ಯಾಮೆರಾ ಮಾತ್ರ ಹೊರಗಿನವರದು. ನಮಗೆ ಎರಡೂ ನಮ್ಮ ಕೈಯಲ್ಲಿರಬೇಕು. ಅಂಬೇಡ್ಕರ್ ಜಯಂತಿಗೆ ಪೆಂಡಾಲು, ಫ್ಲೆಕ್ಸಿಗೆ ಚಂದಾ ಎತ್ತುವ ನಮ್ಮ ಸಂಘಟನೆಗಳು ಅದರಲ್ಲಿ ಒಂದು ಪಾಲನ್ನು ಹುಡುಗ ಹುಡುಗಿಯರ ಮೊದಲ ಸಿನಿಮಾಕ್ಕೆ ಇಡಬಾರದೇಕೆ? ಸರ್ಕಾರದ ಹಣವನ್ನೂ ಕೇಳೋಣ, ಅದು ನಮ್ಮದೇ ಹಣ. ಕಲಿಸುವ ಶಿಬಿರಗಳನ್ನೂ ಕೇಳೋಣ, ಆದರೆ ಹಣಕ್ಕೆ ಷರತ್ತಾಗಿ ಅಲ್ಲ.

ನಮ್ಮ ಸಿನಿಮಾವನ್ನು ಕಡೆಗೆ ಕೇರಿಯ ಅಂಬೇಡ್ಕರ್ ಭವನದಲ್ಲಿ ಬೆಡ್‌ಶೀಟು ಕಟ್ಟಿ ತೋರಿಸಿದೆವು. ತೋರಿಸುವ ಮೊದಲು ಹುಡುಗನೊಬ್ಬ ಎದ್ದು 11,000 ರೂಪಾಯಿಯ ಲೆಕ್ಕವನ್ನು ಗಟ್ಟಿಯಾಗಿ ಓದಿದ, ಯಾರಿಗೆಷ್ಟು ಅಂತ ಹೆಸರು ಹೇಳಿ. ಆಮೇಲೆ ದೀಪ ಆರಿಸಿದೆವು. ತಮಟೆಯ ಜಾಗದಲ್ಲಿ ಧ್ವನಿ ಒಡೆಯಿತು. ಹಿಂದೆ ಕೂತಿದ್ದ ಮುದುಕರೊಬ್ಬರು ‘ಇದು ತಮಟೆ ಅಲ್ಲ, ಡಬ್ಬ’ ಅಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು.

ಮುಂದಿನದಕ್ಕೆ ಈಗ ಕತೆ ಬರೆಯುತ್ತಿದ್ದಾರೆ. ಎಷ್ಟು ದುಡ್ಡು ಬೇಕು ಅಂತ ಯಾರಾದರೂ ಬಂದು ಕೇಳಿದರೆ ಈಗ ನಾನು ಮೊಬೈಲಿನ ಮಾತು ಎತ್ತುವುದಿಲ್ಲ. ಒಂದು ನೋಟ್‌ಬುಕ್ ತೆಗೆದು, ಮೊದಲ ಸಾಲಿನಲ್ಲಿ ಕೂಲಿ ಅಂತ ಬರೆಯಿರಿ ಅನ್ನುತ್ತೇನೆ.