ಪೌರನೀತಿಯ ತರಗತಿಯಲ್ಲಿ ‘ಎಲ್ಲರೂ’ ಯಾರು?: ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಪ್ರೌಢಶಾಲೆಗಳನ್ನು ಮುಂದಿಟ್ಟುಕೊಂಡು

ತಮಿಳುನಾಡಿನ ಒಂಬತ್ತನೆಯ ತರಗತಿಯ ಸಮಾಜವಿಜ್ಞಾನ ಪಠ್ಯವು 2018–19ರಲ್ಲಿ ಹೊಸ ರೂಪದಲ್ಲಿ ಬಂದಾಗ ಅದರ ಪೌರನೀತಿ ಭಾಗದಲ್ಲಿ ಸ್ಥಳೀಯ ಸ್ವಯಮಾಡಳಿತವನ್ನು ಕುರಿತ ಒಂದು ಘಟಕವಿತ್ತು. ಗ್ರಾಮ ಪಂಚಾಯತಿಯಿಂದ ಮಹಾನಗರಪಾಲಿಕೆಯವರೆಗಿನ ಸಂಸ್ಥೆಗಳ ರಚನೆ, ಅಧಿಕಾರ, ಕರ್ತವ್ಯಗಳನ್ನು ವಿದ್ಯಾರ್ಥಿಗಳು ಅಲ್ಲಿ ಕಲಿಯಬೇಕಿತ್ತು. ಆ ವರ್ಷ ಕೊಯಮತ್ತೂರು ಜಿಲ್ಲೆಯಲ್ಲಾಗಲಿ ತಿರುಪ್ಪೂರು ಜಿಲ್ಲೆಯಲ್ಲಾಗಲಿ ಚುನಾಯಿತ ಸ್ಥಳೀಯ ಸಂಸ್ಥೆ ಒಂದೂ ಇರಲಿಲ್ಲ. ಹಿಂದಿನ ಸದಸ್ಯರ ಅವಧಿ 2016ರ ಅಕ್ಟೋಬರಿನಲ್ಲಿ ಮುಗಿದಿತ್ತು. ಗ್ರಾಮೀಣ ಸಂಸ್ಥೆಗಳಿಗೆ ಚುನಾವಣೆ ನಡೆದದ್ದು 2019ರ ಡಿಸೆಂಬರಿನಲ್ಲಿ, ನಗರ ಸಂಸ್ಥೆಗಳಿಗೆ 2022ರ ಫೆಬ್ರವರಿ 19ರಂದು. ಹಾಗಾಗಿ ಆ ಪಾಠವನ್ನು ಮೊದಲ ವರ್ಷ ಓದಿದ ಕೊಯಮತ್ತೂರು ನಗರದ ವಿದ್ಯಾರ್ಥಿನಿ ತನ್ನ ವಾರ್ಡಿನ ಸದಸ್ಯರ ಮುಖ ಕಾಣುವ ಹೊತ್ತಿಗೆ ಹನ್ನೆರಡನೆಯ ತರಗತಿಯ ಕೊನೆಯ ತಿಂಗಳುಗಳಲ್ಲಿದ್ದಳು. ಅವಧಿ ಐದು ವರ್ಷ, ಅದಕ್ಕೆ ಮೀರಿ ಇಲ್ಲ ಎಂದು ಸಂವಿಧಾನದ 243ಇ ಮತ್ತು 243ಯು ವಿಧಿಗಳು ಹೇಳುತ್ತವೆ. ತರಗತಿಯ ಹೊರಗೆ ಆ ವಾಕ್ಯ ಸುಳ್ಳಾಗಿ ನಿಂತಿದ್ದಾಗ ಅಧ್ಯಾಪಕರು ಏನು ಹೇಳಬೇಕಿತ್ತು?

ಪಠ್ಯವನ್ನು ರಚಿಸಿದವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಚುನಾವಣೆಯನ್ನು ಮುಂದೂಡಿದವರು ಅವರಲ್ಲ. ಆದರೆ ಇಂಥ ಪ್ರಶ್ನೆಯೊಂದು ಏಳಬಹುದೆಂಬ ನಿರೀಕ್ಷೆಯೇ ಪಾಠದ ವಿನ್ಯಾಸದಲ್ಲಿ ಇಲ್ಲವೆಂಬುದು ವಿಮರ್ಶೆಗೆ ತಕ್ಕ ವಿಷಯ. ಸಂಸ್ಥೆಗಳು ಅಲ್ಲಿ ಸದಾ ಸುಸ್ಥಿತಿಯಲ್ಲಿವೆ. ಅವುಗಳ ಮುಂದೆ ನಿಂತು ಕೇಳುವ, ಕಾಯುವ, ಜಗಳವಾಡುವ, ಕೆಲವೊಮ್ಮೆ ಗೆಲ್ಲುವ ಮನುಷ್ಯರು ಮಾತ್ರ ಕಾಣುವುದಿಲ್ಲ.

ಘಟಕಗಳ ಕ್ರಮವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹತ್ತನೆಯ ತರಗತಿಯ ಪೌರನೀತಿಯಲ್ಲಿ ಐದು ಘಟಕಗಳಿವೆ: ಭಾರತದ ಸಂವಿಧಾನ, ಕೇಂದ್ರ ಸರಕಾರ, ರಾಜ್ಯ ಸರಕಾರ, ಭಾರತದ ವಿದೇಶಾಂಗ ನೀತಿ, ಭಾರತದ ಅಂತರರಾಷ್ಟ್ರೀಯ ಸಂಬಂಧಗಳು. ಐದರಲ್ಲಿ ಎರಡು ದೇಶದ ಗಡಿಯಾಚೆಗಿನವು. ಸ್ಥಳೀಯ ಆಡಳಿತವು ಆರನೆಯ ಮತ್ತು ಒಂಬತ್ತನೆಯ ತರಗತಿಗಳಲ್ಲೇ ಮುಗಿದಿರುತ್ತದೆ. ಸಾರ್ವಜನಿಕ ಪರೀಕ್ಷೆ ಇರುವುದು ಹತ್ತನೆಯದಕ್ಕೆ. ಪರೀಕ್ಷೆಯಲ್ಲಿ ಬಾರದ್ದನ್ನು ನಮ್ಮ ಶಾಲೆಗಳು ಎಷ್ಟು ದಿನ ನೆನಪಿಟ್ಟುಕೊಳ್ಳುತ್ತವೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಪಂಚಶೀಲದ ತತ್ತ್ವಗಳನ್ನು ಬಾಯಿಪಾಠ ಒಪ್ಪಿಸುವ ಹುಡುಗನಿಗೆ ತನ್ನ ಬೀದಿಯ ಚರಂಡಿ ಯಾರ ಹೊಣೆ ಎಂಬುದು ತಿಳಿಯದಿದ್ದರೆ ಅದು ಅವನ ತಪ್ಪಲ್ಲ.

ಇಲ್ಲಿ ಪದದ ಬಗ್ಗೆ ಒಂದು ಮಾತು. ತಮಿಳಿನಲ್ಲಿ ಈ ವಿಷಯದ ಹೆಸರು ‘ಕುಡಿಮೈಯಿಯಲ್’. ‘ಕುಡಿ’ ಎಂದರೆ ಮನೆ, ಮನೆತನ, ನೆಲೆಸಿದವನು, ಪ್ರಜೆ. ಕನ್ನಡದ ‘ಪೌರನೀತಿ’ಯಲ್ಲಿ ಪುರವೂ ನೀತಿಯೂ ಸೇರಿವೆ: ಪಟ್ಟಣದಲ್ಲಿರುವವನು ನೆಟ್ಟಗೆ ನಡೆದುಕೊಳ್ಳಬೇಕೆಂಬ ಉಪದೇಶದ ಧ್ವನಿ ಅದಕ್ಕಿದೆ. ತಮಿಳಿನ ‘ಕುಡಿ’ಗೆ ಅರ್ಥದಲ್ಲಿ ಹತ್ತಿರವಾಗುವ ಕನ್ನಡ ಮಾತು ‘ಒಕ್ಕಲು’. ಒಕ್ಕಲಿನಿಂದ ಆರಂಭಿಸಿ ರಾಜ್ಯದ ಕಡೆಗೆ ನಡೆಯುವ ಪಾಠಕ್ಕೂ ರಾಷ್ಟ್ರಪತಿಯಿಂದ ಆರಂಭಿಸಿ ಒಕ್ಕಲನ್ನು ಮುಟ್ಟುವ ಮೊದಲೇ ಮುಗಿದುಹೋಗುವ ಪಾಠಕ್ಕೂ ಅಂತರವಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ‘ಸಿವಿಕ್ಸ್’ನ ವಸಾಹತುಶಾಹಿ ಮೂಲವನ್ನು ನೆನಪಿಸಿ, ವಿಧೇಯ ಪ್ರಜೆಯನ್ನು ತಯಾರಿಸುವ ಆ ಪರಂಪರೆಯನ್ನು ಬಿಟ್ಟು ರಾಜ್ಯಶಾಸ್ತ್ರದ ಕಡೆಗೆ ಹೊರಳಲು ಸೂಚಿಸಿತು. ತಮಿಳುನಾಡಿನ ಪಠ್ಯ ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಹೆಸರು ಉಳಿದುದಕ್ಕೆ ನನ್ನ ಆಕ್ಷೇಪವಿಲ್ಲ; ‘ಕುಡಿ’ಯೇ ಪಾಠದೊಳಗಿಲ್ಲ ಎಂಬುದಕ್ಕೆ ಇದೆ.

ಹಾಗಾದರೆ ಈ ಎರಡು ಜಿಲ್ಲೆಗಳ ತರಗತಿಯಲ್ಲಿ ಕುಳಿತಿರುವ ಕುಡಿಗಳು ಯಾರು? ತಮಿಳು ಮನೆಮಾತಿನವರ ಜೊತೆಗೆ ತೆಲುಗು, ಕನ್ನಡ, ಮಲಯಾಳಂ ಮನೆಮಾತಿನ ಮಕ್ಕಳಿದ್ದಾರೆ. ಹೆಣಿಗೆ ಉಡುಪಿನ ಕಾರ್ಖಾನೆಗಳಿಗೆ ಬಂದ ಒಡಿಶಾ, ಬಿಹಾರಗಳ ಕುಟುಂಬಗಳ ಮಕ್ಕಳು ತಿರುಪ್ಪೂರಿನಲ್ಲಿದ್ದಾರೆ. ‘ಭಾಷಾ ಅಲ್ಪಸಂಖ್ಯಾತ’ ಎಂಬ ನಮ್ಮ ಪ್ರಿಯ ಪದವೂ ಇಲ್ಲಿ ಸರಳವಾಗಿ ಉಳಿಯುವುದಿಲ್ಲ. ಮನೆಯಲ್ಲಿ ತೆಲುಗು ಆಡುವವರಲ್ಲಿ ಜಮೀನು, ಗಿರಣಿಗಳ ಒಡೆತನವುಳ್ಳ ನಾಯ್ಡುಗಳಿದ್ದಾರೆ. ನಗರದ ಪೌರಕಾರ್ಮಿಕ ಕೆಲಸದ ಭಾರವನ್ನು ತಲೆಮಾರುಗಳಿಂದ ಹೊತ್ತ ಅರುಂಧತಿಯರೂ ಇದ್ದಾರೆ. ಭಾಷೆಯ ಕುಟುಂಬ ಒಂದೇ ಆದರೂ ಅವರಿಗೆ ದಕ್ಕಿದ ಪೌರತ್ವ ಎರಡು ಬಗೆಯದು. ಕನ್ನಡದ ಕಡೆ ದೇವಾಂಗ ನೇಕಾರರು, ಒಕ್ಕಲಿಗರು, ಕುರುಬರು ಇದ್ದಾರೆ. ಇವರ ಕನ್ನಡ ಬಹುಮಟ್ಟಿಗೆ ಮನೆಯೊಳಗಿನ ಮಾತು. ಲಿಪಿಯ ಪರಿಚಯ ಹೆಚ್ಚಿನವರಿಗೆ ಇಲ್ಲ, ಓದು ಬರೆಹವೆಲ್ಲ ತಮಿಳಿನಲ್ಲಿ.

ನಮ್ಮ ವಲಯದ ವಿಮರ್ಶೆ ಎಡವಿದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ. ತಮಿಳುನಾಡಿನ ಕನ್ನಡ ಮಕ್ಕಳ ಶಿಕ್ಷಣವೆಂದ ಕೂಡಲೆ ನಾವು ಕನ್ನಡ ಮಾಧ್ಯಮದ ಪಠ್ಯಪುಸ್ತಕ, ಅದರ ಅನುವಾದದ ಗುಣ, ಸಕಾಲದಲ್ಲಿ ಪೂರೈಕೆ ಎಂದು ಮಾತು ತೆಗೆಯುತ್ತೇವೆ. 2006ರ ತಮಿಳು ಕಲಿಕೆ ಕಾಯಿದೆಯ ಬಳಿಕ ಆ ಆತಂಕ ಇನ್ನಷ್ಟು ಬೆಳೆದಿದೆ. ತಾಳವಾಡಿ, ಹೊಸೂರುಗಳ ಮಟ್ಟಿಗೆ ಇದು ಯೋಗ್ಯ ಬೇಡಿಕೆ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಕನ್ನಡ ಓದುವ ಮಕ್ಕಳಿದ್ದಾರೆ. ಅದೇ ಬೇಡಿಕೆಯನ್ನು ಸಿರುಮುಗೈಯ ನೇಕಾರನ ಮಗಳಿಗೆ ಹೊಂದಿಸಲು ಹೊರಟರೆ ಅವಳಿಗೆ ಓದಲು ಬಾರದ ಲಿಪಿಯಲ್ಲಿ, ಅವಳ ಮನೆ ಆಡದ ಸಂಸ್ಕೃತಭೂಯಿಷ್ಠ ಕನ್ನಡದಲ್ಲಿ, ಅದೇ ನಿರ್ಜನ ಪಾಠವನ್ನು ಮತ್ತೊಮ್ಮೆ ಕೊಟ್ಟಂತಾಗುತ್ತದೆ. ‘ರಾಜ್ಯನಿರ್ದೇಶಕ ತತ್ತ್ವಗಳು’ ಎಂಬುದು ಅವಳಿಗೆ ತಮಿಳಿನಲ್ಲಿ ಎಷ್ಟು ದೂರವೋ ಕನ್ನಡದಲ್ಲಿ ಅದಕ್ಕಿಂತ ದೂರ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಕಲ್ಪಿಸಬೇಕೆನ್ನುವ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಅದನ್ನು ಉದ್ಧರಿಸುವಷ್ಟು ಉತ್ಸಾಹದಿಂದ ನಾವು ಪ್ರೌಢಶಾಲೆಯ ತರಗತಿಯಲ್ಲಿ ಆಡುಮಾತಿನ ಕನ್ನಡಕ್ಕೆ ಏನು ಕೆಲಸ ಎಂದು ಯೋಚಿಸಿಲ್ಲ.

ಕೆಲಸ ಬೇಕಾದಷ್ಟಿದೆ. ನೇಕಾರನ ಮನೆಯನ್ನೇ ತೆಗೆದುಕೊಳ್ಳೋಣ. ಅಪ್ಪನಿಗೆ ನೂಲು ಕೊಟ್ಟು ಸೀರೆ ಕೊಳ್ಳುವ ಸಹಕಾರ ಸಂಘವಿದ್ದರೆ, ಆ ಮಗು ಕಂಡ ಮೊದಲ ಪ್ರಜಾಸತ್ತಾತ್ಮಕ ಸಂಸ್ಥೆ ಅದೇ. ಅಲ್ಲಿ ಷೇರಿದೆ, ಮತವಿದೆ, ಮಹಾಸಭೆಯಿದೆ, ಲೆಕ್ಕಪತ್ರವಿದೆ. ಅಧ್ಯಕ್ಷರ ಮೇಲೆ ಅನುಮಾನವೂ ಇರಬಹುದು. ಸಹಕಾರ ಸಂಘ ಕಟ್ಟುವ ಹಕ್ಕನ್ನು 97ನೆಯ ತಿದ್ದುಪಡಿ 19ನೆಯ ವಿಧಿಯೊಳಗೆ ಸೇರಿಸಿತು. ಮೂಲಭೂತ ಹಕ್ಕುಗಳ ಪಾಠ ಇಲ್ಲಿಂದ ಆರಂಭವಾದರೆ ಅಪ್ಪನಿಗೆ ಮಗಳು ಕೇಳಬಹುದಾದ ಪ್ರಶ್ನೆಗಳು ಹತ್ತಿವೆ, ಅವನ್ನು ಅವಳು ಕೇಳುವುದು ಕನ್ನಡದಲ್ಲಿಯೇ. ಅದೇ ಮನೆಯಲ್ಲಿ ಇನ್ನೊಂದು ಪ್ರಶ್ನೆ ಕಾದಿದೆ. ಶಾಲೆಯಿಂದ ಬಂದ ಮೇಲೆ ಕಂಡಿಕೆ ಸುತ್ತಿಕೊಡುವ ತಮ್ಮ ಬಾಲಕಾರ್ಮಿಕನೆ? ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದ 2016ರ ತಿದ್ದುಪಡಿಯೇ ಶಾಲೆಯ ವೇಳೆಯ ನಂತರದ, ಅಪಾಯಕಾರಿಯಲ್ಲದ ಕುಟುಂಬದ ಉದ್ಯಮಕ್ಕೆ ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿ ನೇಕಾರನನ್ನು ಉಳಿಸುವುದೋ, ಮಗುವನ್ನು ಮಗ್ಗಕ್ಕೆ ಕಟ್ಟುವುದೋ? ಇದಕ್ಕೆ ಪುಸ್ತಕದ ಹಿಂಬದಿಯ ಅಭ್ಯಾಸದಲ್ಲಿ ಉತ್ತರ ಸಿಗದು. ಅಧ್ಯಾಪಕರಿಗೂ ಉತ್ತರ ತಿಳಿದಿರಬೇಕಾಗಿಲ್ಲ.

ಇನ್ನೂ ದೊಡ್ಡ ಉದಾಹರಣೆ ನೊಯ್ಯಲ್ ನದಿಯದು. ಕೊಯಮತ್ತೂರಿನ ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟಿ ತಿರುಪ್ಪೂರನ್ನು ಹಾದು ಕಾವೇರಿಯನ್ನು ಸೇರುವ ಈ ನದಿಗೆ ಬಣ್ಣದ ಕಾರ್ಖಾನೆಗಳ ತ್ಯಾಜ್ಯ ಸೇರಿ, ಕೆಳಗಿನ ಒರತ್ತುಪಾಳಯಂ ಅಣೆಕಟ್ಟು ರೈತರಿಗೆ ನೀರು ಕೊಡುವ ಬದಲು ವಿಷದ ಕೆರೆಯಾಯಿತು. ಅಚ್ಚುಕಟ್ಟಿನ ರೈತರು ಸಂಘ ಕಟ್ಟಿ ನ್ಯಾಯಾಲಯಕ್ಕೆ ಹೋದರು. ಮದರಾಸು ಉಚ್ಚ ನ್ಯಾಯಾಲಯ 2006ರಲ್ಲಿ ಅವರ ಪರವಾಗಿ ತೀರ್ಪಿತ್ತಿತು; 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮಾಲಿನ್ಯ ಮಾಡಿದವರೇ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಆಜ್ಞೆ ಪಾಲನೆಯಾಗದಿದ್ದಾಗ 2011ರ ಜನವರಿ 28ರಂದು ಉಚ್ಚ ನ್ಯಾಯಾಲಯ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ನೀರಿಗಾಗಿ ಹೋರಾಡಿದವರು ಗೆದ್ದರು. ಬಣ್ಣದ ತೊಟ್ಟಿಯ ಪಕ್ಕ ದಿನಗೂಲಿಗೆ ನಿಂತವರ ಕೆಲಸ ಹೋಯಿತು.

ಪ್ರೌಢಶಾಲೆಯ ಪೌರನೀತಿಗೆ ಇದಕ್ಕಿಂತ ಸಮೃದ್ಧ ಪಾಠವನ್ನು ನಾನು ಊಹಿಸಲಾರೆ. 21ನೆಯ ವಿಧಿಯ ಜೀವಿಸುವ ಹಕ್ಕು ಮತ್ತು 19ನೆಯ ವಿಧಿಯ ವೃತ್ತಿಯ ಹಕ್ಕು ಇಲ್ಲಿ ಎದುರುಬದುರಾಗಿ ನಿಂತಿವೆ. ರಿಟ್ ಎಂದರೇನು ಎಂಬುದು ಐದು ಹೆಸರುಗಳ ಪಟ್ಟಿಯಾಗಿ ಉಳಿಯದೆ, ಯಾರು ಬರೆದರು, ಎಷ್ಟು ವರ್ಷ ಕಾದರು, ಆಜ್ಞೆ ಬಂದ ಮೇಲೂ ಏಕೆ ಏನೂ ಆಗಲಿಲ್ಲ ಎಂಬ ಕಥೆಯಾಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಧಿಕಾರಿ, ಶಾಸಕ, ಪತ್ರಿಕೆ, ರಫ್ತುದಾರ, ವಿದೇಶಿ ಗಿರಾಕಿ ಎಲ್ಲರೂ ಅದರೊಳಗಿದ್ದಾರೆ. ಅಂತರರಾಷ್ಟ್ರೀಯ ಸಂಬಂಧಗಳ ಘಟಕವೂ ಬೇಕಾದರೆ ಇಲ್ಲಿಗೇ ಬಂದು ಸೇರಬಹುದು. ರೈತನ ಮಗ, ಬಣ್ಣದ ಘಟಕದ ಕೂಲಿಯ ಮಗಳು, ಘಟಕದ ಮಾಲೀಕರ ಮಗ ಒಂದೇ ಬೆಂಚಿನಲ್ಲಿ ಕುಳಿತಿದ್ದರೆ ಅವರು ಒಂದೇ ಉತ್ತರ ಬರೆಯಲಾರರು. ಎಲ್ಲರಿಗಾಗಿ ಪಾಠ ಎಂದರೆ ಎಲ್ಲರೂ ಒಂದೇ ಉತ್ತರ ಬರೆಯುವ ಪಾಠವೆಂದು ನಮ್ಮ ಪರೀಕ್ಷಾ ಪದ್ಧತಿ ನಂಬಿದೆ. ಆ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ.

ಶಾಲೆಯ ಆವರಣವೂ ಸಂವಿಧಾನದ ಹೊರಗಿಲ್ಲ. 2018ರ ಜುಲೈಯಲ್ಲಿ ಅವಿನಾಶಿ ತಾಲ್ಲೂಕಿನ ಸರಕಾರಿ ಶಾಲೆಯೊಂದರಲ್ಲಿ ದಲಿತ ಮಹಿಳೆ ಅಡುಗೆ ಮಾಡುವುದನ್ನು ಮೇಲ್ಜಾತಿಯ ಪೋಷಕರು ವಿರೋಧಿಸಿದರು. ಆಕೆಗೆ ವರ್ಗಾವಣೆಯ ಆದೇಶ ಬಂತು, ಪ್ರತಿಭಟನೆಯ ಬಳಿಕ ಅದು ರದ್ದಾಯಿತು, ದೌರ್ಜನ್ಯ ತಡೆ ಕಾಯಿದೆಯಡಿ ಮೊಕದ್ದಮೆ ದಾಖಲಾಯಿತು. 17ನೆಯ ವಿಧಿಯನ್ನು ಆ ಮಕ್ಕಳು ತಟ್ಟೆಯಲ್ಲಿ ಕಂಡರು. ಹೊಸ ಪಠ್ಯ ಜಾರಿಗೆ ಬಂದ ಅದೇ ಶೈಕ್ಷಣಿಕ ವರ್ಷವದು.

ವಿದ್ಯಾರ್ಥಿಗಳನ್ನು ‘ತೊಡಗಿಸಿಕೊಳ್ಳುವ’ ವಿಧಾನಗಳೆಂದು ಸಾಮಾನ್ಯವಾಗಿ ಸೂಚಿಸುವುದು ಅಣಕು ಸಂಸತ್ತು, ರಸಪ್ರಶ್ನೆ, ಭಿತ್ತಿಚಿತ್ರಗಳನ್ನು. ಅಣಕು ಸಂಸತ್ತಿನಲ್ಲಿ ಪ್ರಧಾನಿಯಾಗುವವನು ಯಾರೆಂದು ತರಗತಿಗೆ ಮೊದಲೇ ಗೊತ್ತು: ನಿರರ್ಗಳವಾಗಿ ಶಿಷ್ಟ ತಮಿಳು ಅಥವಾ ಇಂಗ್ಲಿಷ್ ಆಡುವವನು. ಉಳಿದ ನಲವತ್ತು ಮಂದಿ ಸಭಿಕರು. ಒಡಿಯಾ ಮನೆಮಾತಿನ ಹುಡುಗಿ ಸಭಿಕರಲ್ಲೂ ಹಿಂದಿನ ಸಾಲಿನವಳು. ಉತ್ಸಾಹ ಹುಟ್ಟಿಸುವುದು ಸುಲಭ, ಅದನ್ನು ಹಂಚುವುದು ಕಷ್ಟ. ಈ ದೃಷ್ಟಿಯಿಂದ ನಮ್ಮ ಕರಾವಳಿಯ ಒಂದು ಪ್ರಯೋಗ ಗಮನಾರ್ಹ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಆರಂಭವಾದ ಮಕ್ಕಳ ಪಂಚಾಯತಿಗಳಲ್ಲಿ ದುಡಿಯುವ ಮಕ್ಕಳೂ ಸದಸ್ಯರಾಗಿದ್ದರು. ಕಾಲುಸಂಕ, ಕುಡಿಯುವ ನೀರಿನಂಥ ತಮ್ಮ ಪ್ರಶ್ನೆಗಳನ್ನು ದೊಡ್ಡವರ ಪಂಚಾಯತಿಯ ಮುಂದಿಡುವುದು ಅವರ ಕೆಲಸವಾಗಿತ್ತು. ಮುಂದೆ ಕರ್ನಾಟಕ ಸರಕಾರ ಮಕ್ಕಳ ಗ್ರಾಮಸಭೆಯನ್ನು ಎಲ್ಲೆಡೆ ನಡೆಸಲು ಸೂಚಿಸಿತು. ಹಾಗೆ ವಿಸ್ತರಿಸಿದಾಗ ಹಲವೆಡೆ ಅದು ಅಧಿಕಾರಿಗಳ ಭಾಷಣ ಮತ್ತು ಬಹುಮಾನ ವಿತರಣೆಗೆ ಇಳಿದಿದೆ. ಆದರೂ ಮಾತಾಡುವ ಮಗು ಯಾವುದೆಂಬುದನ್ನು ಅಧ್ಯಾಪಕರ ಆಯ್ಕೆಗೆ ಬಿಡದೆ ಪ್ರಶ್ನೆಯೇ ನಿರ್ಧರಿಸಿದ್ದು ಆ ಮೊದಲ ಪ್ರಯೋಗದ ಸತ್ತ್ವ.

ತಮಿಳುನಾಡಿನಲ್ಲಿ ಅಂಥ ಅವಕಾಶಕ್ಕೆ ದಿನಾಂಕಗಳೇ ನಿಗದಿಯಾಗಿವೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮಸಭೆಗಳ ಜೊತೆಗೆ 2022ರಿಂದ ಮಾರ್ಚ್ 22 ಮತ್ತು ನವೆಂಬರ್ 1 ಸೇರಿವೆ; ಕೊನೆಯದು ಸ್ಥಳೀಯಾಡಳಿತ ದಿನ. ಕನ್ನಡಿಗರಿಗೆ ನವೆಂಬರ್ 1 ಬೇರೊಂದು ನೆನಪಿನ ದಿನ. ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು 1956ರಲ್ಲಿ ಅದೇ ದಿನ ಮೈಸೂರು ರಾಜ್ಯಕ್ಕೆ ಸೇರಿತು. ಉಳಿದ ಕನ್ನಡ ಒಕ್ಕಲುಗಳು ಇದ್ದಲ್ಲೇ ಇದ್ದು ಅಲ್ಪಸಂಖ್ಯಾತರಾದವು. ಕೊಯಮತ್ತೂರಿನ ಕನ್ನಡ ಸಂಘಟನೆಗಳು ಆ ದಿನ ಬಾವುಟ ಹಾರಿಸುವುದರ ಜೊತೆಗೆ ತಮ್ಮ ಮಕ್ಕಳನ್ನು ಹತ್ತಿರದ ಗ್ರಾಮಸಭೆಗೆ ಕಳಿಸಬಹುದು. ಮತದಾರರಲ್ಲದ ಅವರಿಗೆ ಕೈಯೆತ್ತುವ ಅಧಿಕಾರವಿಲ್ಲ, ಕುಳಿತು ಕೇಳಿ ಬರೆದುಕೊಳ್ಳಲು ಅಡ್ಡಿಯಿಲ್ಲ. ಹೆಂಗಸರು ಎಷ್ಟು ಮಂದಿ ಮಾತಾಡಿದರು, ಯಾವ ಬೀದಿಯ ಹೆಸರು ಬರಲೇ ಇಲ್ಲ, ಲೆಕ್ಕವನ್ನು ಓದಿದರೋ ಓದಿದಂತೆ ಮಾಡಿದರೋ ಎಂಬುದೆಲ್ಲ ಹದಿನಾಲ್ಕರ ವಯಸ್ಸಿನ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಅಡ್ಡಿಗಳು ಸಣ್ಣವಲ್ಲ. ಊರಿನ ಗಿರಣಿಯ ಹೆಸರನ್ನು ತರಗತಿಯಲ್ಲಿ ಎತ್ತುವ ಅಧ್ಯಾಪಕರಿಗೆ ಯಾರ ಬೆಂಬಲವಿದೆ? ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಪಾಳಿಯ ಕೆಲಸ ಬಿಟ್ಟು ಬರಲಾಗದ ತಾಯಿ ಆ ಸಮಿತಿಯಲ್ಲಿ ಸಹಿಯಾಗಿ ಮಾತ್ರ ಉಳಿಯುವ ಸಾಧ್ಯತೆ ಹೆಚ್ಚು. ಮೌಲ್ಯಮಾಪನದ ಪ್ರಶ್ನೆಯೂ ಇದೆ: ಮನೆಯಲ್ಲಿ ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ ಬರೆದ ಎರಡು ಪುಟದ ವರದಿಗೆ ಅಂಕ ಎಲ್ಲಿಂದ ಕೊಡಬೇಕು? ಆಂತರಿಕ ಅಂಕಗಳೆಂದರೆ ಎಲ್ಲರಿಗೂ ಪೂರ್ತಿ ಎಂಬ ರೂಢಿ ಇರುವವರೆಗೆ ಆ ವರದಿಯನ್ನು ಯಾರೂ ಓದುವುದಿಲ್ಲ.

ಹೀಗಿದ್ದರೂ ಒಂದು ಸಣ್ಣ ಘಟಕವನ್ನು ನಾಳೆಯೇ ಆರಂಭಿಸಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಎರಡೂ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಸೋಮವಾರ ಜನರ ಕುಂದುಕೊರತೆ ಕೇಳುವ ದಿನ. ವಿಧವಾ ವೇತನ ನಿಂತುಹೋದ ಅಜ್ಜಿಯ ಮಾತನ್ನು ಮೊಮ್ಮಗಳು ಕನ್ನಡದಲ್ಲಿ ಕೇಳಿಸಿಕೊಂಡು, ಯಾವ ಕಚೇರಿಗೆ, ಯಾವ ದಾಖಲೆಯೊಡನೆ, ಯಾವ ಕಾಯಿದೆಯ ಆಧಾರದಲ್ಲಿ ಬರೆಯಬೇಕೆಂದು ತರಗತಿಯಲ್ಲಿ ವಿಚಾರಿಸಿ, ತಮಿಳಿನಲ್ಲಿ ಮನವಿ ಬರೆಯಲಿ. ಕನ್ನಡದಲ್ಲಿಯೂ ಒಂದನ್ನು ಬರೆದು ಸಲ್ಲಿಸಬೇಕೆಂದು ಅವಳಿಗೆ ಅನ್ನಿಸಿದರೆ ಲಿಪಿ ಕಲಿಸುವ ಹೊಣೆ ನಮ್ಮಂಥ ಕೇಂದ್ರಗಳದು. ಸ್ವೀಕೃತಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲು ಅವಳಿಗೆ ಮೊದಲೇ ಹೇಳಿಕೊಡಬೇಕು. ಮುಂದಿನ ಪಾಠ ಆ ಸಂಖ್ಯೆಯಿಂದಲೇ ಶುರುವಾಗುತ್ತದೆ.